ಕಡೆಗೀಲಿನಿಂದ ಸ್ಟಡ್ಡಿನವರೆಗೆ

ಕಾರಿಗೆ ಹೊಸ ವೀಲ್ ಹಾಕಿಸ್ಬೇಕು ಅನ್ನುವ ಹುಡುಗರು ನಮ್ಮ ಉಡುಪಿ-ಮಣಿಪಾಲ ಕಡೆ ಮೊದಲು ಕೇಳುವುದು ಇಂಚು. ಎರಡನೆಯದು ಡಿಸೈನ್. ಮೂರನೆಯದು ರೇಟು. ಆ ವೀಲನ್ನು ಕಾರಿಗೆ ಹಿಡಿದಿಟ್ಟುಕೊಳ್ಳುವುದು ಎಂತದು ಅಂತ ಕೇಳಿದವರನ್ನು ನಾನು ಬಹಳ ಕಡಿಮೆ ನೋಡಿದ್ದೇನೆ. ಆಫೀಸಿಗೆ ಹೋಗಿ ಬರುವ ಕಾರಾದರೆ ಸರಿ, ಹೇಗೋ ನಡೆದುಹೋಗುತ್ತದೆ. ಆದರೆ ವರ್ಷಕ್ಕೆ ಎರಡು ಸಲ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೋ ತಗೊಂಡು ಹೋಗಿ ಓಡಿಸುವ ಕಾರಿಗೆ ಇದೊಂದೇ ಪ್ರಶ್ನೆ ಮುಖ್ಯ. ಇದು ಹೊಸ ಪ್ರಶ್ನೆಯೂ ಅಲ್ಲ. ಚಕ್ರ ಹುಟ್ಟಿದ ದಿನವೇ ಇದೂ ಹುಟ್ಟಿದೆ.

ಕನ್ನಡದಲ್ಲಿ ಅದಕ್ಕೆ ಚಂದದ ಹೆಸರು ಉಂಟು: ಕಡೆಗೀಲು. ಅಚ್ಚಿನ ತುದಿಯಲ್ಲಿ ಒಂದು ತೂತು, ಅದರಲ್ಲಿ ಒಂದು ಕಬ್ಬಿಣದ ಕೀಲು. ಅದು ಇದ್ದರೆ ಗಾಲಿ, ಇಲ್ಲದಿದ್ದರೆ ಗದ್ದೆ. ಜೇಡರ ದಾಸಿಮಯ್ಯ ತನ್ನ ಒಂದು ವಚನವನ್ನು ಈ ಕಡೆಗೀಲಿನ ಮೇಲೆಯೇ ನಿಲ್ಲಿಸಿದ್ದಾನೆ. ಸಾವಿರ ವರ್ಷದ ಹಿಂದೆ ಕೇಳುಗರಿಗೆ ವಿವರಿಸುವ ಅಗತ್ಯವೇ ಇಲ್ಲದಷ್ಟು ಪರಿಚಿತವಾದ ಭಾಗ ಅದು. ಇವತ್ತು ಸ್ಟಡ್ ಅಂದರೆ ಕಿವಿಯೋಲೆ ಅಂದುಕೊಳ್ಳುವವರೇ ಜಾಸ್ತಿ.

ಕಾರ್ಕಳ ತಾಲೂಕಿನ ನಮ್ಮೂರಲ್ಲಿ ಗಾಡಿ ಗಾಲಿ ಮಾಡಿದ ಕೊನೆಯ ತಲೆಮಾರಿನ ಒಬ್ಬರು ಆಚಾರಿ ಇದ್ದರು. ನಾನು ಬಿಇ ಓದುತ್ತಿದ್ದಾಗ ಅವರ ಕೊಟ್ಟಿಗೆಯಲ್ಲಿ ಕೂತು ಕೇಳಿಸಿಕೊಂಡ ಪಾಠ ಕಾಲೇಜಿನ ಮೆಷಿನ್ ಡಿಸೈನ್ ಪುಸ್ತಕದಲ್ಲಿ ಇರಲಿಲ್ಲ ಅಂತಲ್ಲ, ಇತ್ತು, ಆದರೆ ಅಲ್ಲಿ ನಿದ್ರೆ ಬರುತ್ತಿತ್ತು. ನಡುವಿನ ಗುಂಬ, ಅದಕ್ಕೆ ಬಡಿದ ಅರಕಾಲುಗಳು, ಸುತ್ತ ಮರದ ತುಂಡುಗಳ ಬಳೆ, ಅದರ ಮೇಲೆ ಕಬ್ಬಿಣದ ಹಳಿ. ಹಳಿಯನ್ನು ಗಾಲಿಗಿಂತ ಬೇಕೆಂದೇ ಸ್ವಲ್ಪ ಸಣ್ಣದು ಮಾಡುತ್ತಾರೆ. ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಗಾಲಿಗೆ ತೊಡಿಸಿ, ನೀರು ಹೊಯ್ಯುತ್ತಾರೆ. ಹಳಿ ಕುಗ್ಗಿ ಇಡೀ ಗಾಲಿಯನ್ನು ಅಮುಕಿ ಹಿಡಿಯುತ್ತದೆ. ಒಂದು ಮೊಳೆ ಇಲ್ಲದಿದ್ದರೂ ಎಲ್ಲ ಗಟ್ಟಿ. "ಮೊಳೆ ಹಿಡಿಯುವುದಲ್ಲ ಇಂಜಿನಿಯರ್ರೇ, ಬಿಗಿ ಹಿಡಿಯುವುದು" ಅಂದಿದ್ದರು ಅವರು. ಈ ಮಾತನ್ನು ನೆನಪಲ್ಲಿಡಿ, ಮುಂದೆ ಬೇಕಾಗುತ್ತದೆ.

ಅವರೇ ಹೇಳಿದ ಇನ್ನೊಂದು ಸಂಗತಿ. ಗುಂಬ ಸವೆದು ಗಾಲಿ ಅಚ್ಚಿನ ಮೇಲೆ ಆಚೀಚೆ ಆಡಲಿಕ್ಕೆ ಶುರುವಾದರೆ, ಕಡೆಗೀಲಿಗೂ ಗುಂಬಕ್ಕೂ ನಡುವೆ ಒಂದು ಕಬ್ಬಿಣದ ಬಳೆ ತೂರಿಸುತ್ತಿದ್ದರಂತೆ. ಅದೇ ನಮ್ಮ ಸ್ಪೇಸರಿನ ಅಜ್ಜ. "ಒಂದು ಬಳೆ ಹಾಕಬಹುದು. ಎರಡನೆಯದು ಹಾಕುವ ಪರಿಸ್ಥಿತಿ ಬಂದರೆ ಗುಂಬವನ್ನೇ ಬದಲಾಯಿಸಬೇಕು" ಅನ್ನುವುದು ಅವರ ನಿಯಮ. ನಾನು ಇವತ್ತಿಗೂ ಕಾರಿನ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ನಿಯಮ ಕೇಳಿಲ್ಲ.

ಕಾರ್ಕಳ ಅಂದಮೇಲೆ ಚಕ್ರದ ದೊಡ್ಡ ಕಥೆ ಬಿಡಲಿಕ್ಕೆ ಸಾಧ್ಯವಿಲ್ಲ. 1432ರಲ್ಲಿ ವೀರಪಾಂಡ್ಯ ಭೈರರಸ ಪ್ರತಿಷ್ಠಾಪಿಸಿದ 42 ಅಡಿಯ ಬಾಹುಬಲಿಯನ್ನು ಕೆತ್ತಿದ ಮೇಲೆ ಬಂಡೆಯ ಮೇಲಕ್ಕೆ ಸಾಗಿಸಿದ್ದು ಹೇಗೆ? 19ನೇ ಶತಮಾನದಲ್ಲಿ ಇಂಗ್ಲಿಷ್ ಅಧಿಕಾರಿಗಳು ಬರೆದಿಟ್ಟ ಐತಿಹ್ಯದ ಪ್ರಕಾರ ಉಕ್ಕಿನ ಚಕ್ರಗಳಿದ್ದ ಇಪ್ಪತ್ತು ಕಬ್ಬಿಣದ ಬಂಡಿಗಳ ಸಾಲಿನ ಮೇಲೆ, ಸಾವಿರಾರು ತೆಂಗಿನಕಾಯಿ ಒಡೆದು. ಮೂರ್ತಿಯ ತೂಕ ಸುಮಾರು 80 ಟನ್ ಅನ್ನುವುದು ರೂಢಿಯ ಅಂದಾಜು. ಐತಿಹ್ಯವನ್ನು ಹಾಗೇ ನಂಬಬೇಕಂತಿಲ್ಲ, ಆದರೆ ಲೆಕ್ಕ ಮಾಡಿ ನೋಡುವುದರಲ್ಲಿ ನನಗೆ ಖುಷಿ. ಬಂಡಿಗೆ ಎರಡೇ ಚಕ್ರ ಅಂತ ಹಿಡಿದರೆ 40 ಚಕ್ರ, ಒಂದಕ್ಕೆ ಎರಡು ಟನ್. ಹಳಿ ಕಟ್ಟಿದ ಮರದ ಗಾಲಿ ಏಕೆ ಬೇಡ, ಉಕ್ಕೇ ಏಕೆ ಬೇಕು ಅಂತ ಕಥೆ ಕಟ್ಟಿದವರಿಗೂ ಗೊತ್ತಿತ್ತು ಅಂತ ಕಾಣುತ್ತದೆ. ಮುಂದೆ 1973ರಲ್ಲಿ ಅದೇ ಕಾರ್ಕಳದಲ್ಲಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕೆತ್ತಿದ 39 ಅಡಿಯ ಬಾಹುಬಲಿ ಧರ್ಮಸ್ಥಳಕ್ಕೆ ಹೊರಟಾಗ ಬಂದದ್ದು ರಬ್ಬರ್ ಟೈರಿನ, ಸಾಲುಸಾಲು ಚಕ್ರದ ಟ್ರೇಲರ್. ಐದು ಶತಮಾನದಲ್ಲಿ ವಸ್ತು ಬದಲಾಯಿತು, ಲೆಕ್ಕ ಅದೇ: ಭಾರ ಎಷ್ಟು, ಅದನ್ನು ಎಷ್ಟು ಜಾಗಕ್ಕೆ ಹಂಚುತ್ತೀರಿ.

ಮೋಟಾರು ಬಂದಾಗಲೂ ಮೊದಲಿಗೆ ಬಂದದ್ದು ಗಾಡಿಯ ಗಾಲಿಯೇ. ಮಂಗಳೂರಿನಲ್ಲಿ 1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ, ನಮ್ಮವರ ಬಾಯಲ್ಲಿ ಸಿಪಿಸಿ, ಶುರುವಾದ ಕಾಲಕ್ಕೆ ಲೋಕದ ಬಹುಪಾಲು ಮೋಟಾರು ಬಂಡಿಗಳಿಗೆ ಮರದ ಅರಕಾಲಿನ ಚಕ್ರಗಳೇ. ಟೈರು ಪಂಕ್ಚರಾದರೆ ಚಕ್ರ ಕಳಚುವ ಹಾಗಿಲ್ಲ. ದಾರಿಯಲ್ಲೇ ಕೂತು ಚಕ್ರದ ಮೇಲಿಂದಲೇ ಟೈರನ್ನು ಕೊಯ್ದು ತೆಗೆದು, ಹೊಸದು ಏರಿಸಬೇಕು.

ಇದಕ್ಕೆ ಉತ್ತರ ಬಂದದ್ದು ರೇಸಿನಿಂದ. 1906ರ ಜೂನಿನಲ್ಲಿ ಫ್ರಾನ್ಸಿನ ಲ ಮಾನ್ ಹತ್ತಿರ ಮೊತ್ತಮೊದಲ ಗ್ರ್ಯಾಂಡ್ ಪ್ರಿ ನಡೆಯಿತು. ಎರಡು ದಿನ, ಸುಮಾರು 1,238 ಕಿಲೋಮೀಟರ್, ಕಲ್ಲು-ಡಾಂಬರಿನ ರಸ್ತೆ, ಟೈರುಗಳು ಸಾಲಾಗಿ ಸಿಡಿಯುತ್ತಿದ್ದವು. ರೆನೋ ಕಾರಿನ ಫೆರೆಂಕ್ ಸಿಸ್ ಗೆದ್ದ. ಅವನಿಗೆ ನೆರವಾದದ್ದು ಮಿಶೆಲಿನ್ ತಯಾರಿಸಿದ ಕಳಚುವ ರಿಮ್. ಮೊದಲೇ ಟೈರು ಕೂರಿಸಿಟ್ಟ ರಿಮ್ಮನ್ನು ಮರದ ಚಕ್ರಕ್ಕೆ ಎಂಟು ನಟ್ಟುಗಳಿಂದ ಬಿಗಿಯುವುದು. ಉಳಿದವರಿಗೆ ಕಾಲು ಗಂಟೆ ಹಿಡಿಯುವ ಕೆಲಸ ಇವನಿಗೆ ನಾಲ್ಕು ನಿಮಿಷದೊಳಗೆ. ನಾವು ಇವತ್ತು ಟ್ರ್ಯಾಕಿನಲ್ಲಿ ಎರಡು ಸೆಟ್ ವೀಲ್ ಇಟ್ಟುಕೊಂಡು ಬದಲಾಯಿಸುತ್ತೇವಲ್ಲ, ಅದರ ಮೂಲ ಇದು. ಬೇಗ ಕಳಚಬೇಕು, ಆದರೆ ತಾನಾಗಿ ಕಳಚಬಾರದು. ಎಲ್ಲ ತಲೆನೋವೂ ಈ ಎರಡು ಬಯಕೆಗಳ ನಡುವೆಯೇ.

ಇಂಗ್ಲೆಂಡಿನ ರಜ್-ವಿಟ್‌ವರ್ತ್ ಕಂಪನಿ ಇನ್ನೊಂದು ದಾರಿ ಹಿಡಿಯಿತು. ನಡುವೆ ಹಲ್ಲಿನ ಗುಂಬ, ಅದರ ಮೇಲೆ ತಂತಿ ಚಕ್ರ, ಮೇಲಿಂದ ಒಂದೇ ದೊಡ್ಡ ನಟ್, ಸುತ್ತಿಗೆಯಿಂದ ನಾಲ್ಕು ಏಟು. ನಟ್ ಸಡಿಲವಾಗದ ಹಾಗೆ ಕಾರಿನ ಎಡಕ್ಕೊಂದು, ಬಲಕ್ಕೊಂದು ದಿಕ್ಕಿನ ಮರೆ. ಚಕ್ರ ಉರುಳಿದಷ್ಟೂ ಬಿಗಿಯಾಗಬೇಕು ಅನ್ನುವ ಲೆಕ್ಕ. ಹಳೆಯ ಲಾರಿಗಳ ಎಡಬದಿಯ ಚಕ್ರಕ್ಕೆ ಎಡ ಮರೆಯ ನಟ್ ಇರುತ್ತಿದ್ದದ್ದೂ ಇದೇ ಯೋಚನೆಯಿಂದ. ನಮ್ಮ ಕಡೆಯ ಹಿರಿಯ ಕ್ಲೀನರ್‌ಗಳನ್ನು ಕೇಳಿ, ಹೊಸ ಹುಡುಗ ಎಡಗಡೆಯ ನಟ್ಟನ್ನು ತಪ್ಪು ದಿಕ್ಕಿಗೆ ತಿರುಗಿಸಿ ಪೈಪಿನ ಮೇಲೆ ಕುಣಿದ ಕಥೆ ಒಂದಾದರೂ ಸಿಗುತ್ತದೆ. ಅಂದಹಾಗೆ, ಆ ಕಿವಿಯಿರುವ ನಡು-ನಟ್ಟುಗಳು ದಾರಿಹೋಕರಿಗೆ ತಾಗುತ್ತವೆ ಅಂತ ಅಮೆರಿಕ 1968ರಲ್ಲಿ ನಿಯಮ ತಂದು ನಿಲ್ಲಿಸಿತು.

ಗೆದ್ದದ್ದು ಮಾತ್ರ ಅಗ್ಗದ ದಾರಿ: ನಾಲ್ಕೋ ಐದೋ ಸ್ಟಡ್ ಅಥವಾ ಬೋಲ್ಟ್, ವೃತ್ತದಲ್ಲಿ. ಆ ವೃತ್ತದ ವ್ಯಾಸವೇ ಪಿಸಿಡಿ. ಸಾಫ್ಟ್‌ವೇರ್ ಕೆಲಸದವನಾದ ನನಗೆ ಈ ಸಂಖ್ಯೆಗಳು ಹಳೇ ಕೋಡಿನಂತೆ ಕಾಣುತ್ತವೆ. ಯಾರೋ ಒಂದು ಕಾಲದಲ್ಲಿ ಬರೆದದ್ದು, ಯಾಕೆ ಅಂತ ಯಾರಿಗೂ ನೆನಪಿಲ್ಲ, ಮುಟ್ಟಲಿಕ್ಕೆ ಎಲ್ಲರಿಗೂ ಹೆದರಿಕೆ. 114.3 ಮಿಲಿಮೀಟರ್ ಅಂತ ಯಾವ ಜಪಾನಿ ಇಂಜಿನಿಯರೂ ಹಗಲಲ್ಲಿ ಕೂತು ಆರಿಸಲಾರ. ಅದು ನಾಲ್ಕೂವರೆ ಇಂಚು. 101.6 ಅಂದರೆ ನಾಲ್ಕು ಇಂಚು, ಹಳೇ ಮಿನಿಯದ್ದು. 139.7 ಅಂದರೆ ಐದೂವರೆ ಇಂಚು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನದ್ದು ಐದು ಸ್ಟಡ್, ಐದೂವರೆ ಇಂಚು. ಮಾರುತಿ ಜಿಪ್ಸಿಯದ್ದೂ ಅದೇ. 2023ರಲ್ಲಿ ಬಂದ ಜಿಮ್ನಿಯದ್ದೂ ಅದೇ. ಮಣಿಪಾಲದಲ್ಲಿ ಕಾಫಿ ಕುಡಿಯಲಿಕ್ಕೆ ಬಂದು ನಿಂತ ಹೊಸ ಜಿಮ್ನಿಯ ಚಕ್ರದಲ್ಲಿ ಯುದ್ಧಕಾಲದ ಇಂಚು ಇನ್ನೂ ತಿರುಗುತ್ತಾ ಉಂಟು.

ಅತ್ತ ಯುರೋಪಿನವರದ್ದು ಮಿಲಿಮೀಟರ್. ಫಿಯೆಟ್ ಊನೋ, ಪಾಲಿಯೋಗೆ ನಾಲ್ಕು ತೂತು, 98. ಸ್ವಿಫ್ಟ್, ಹೋಂಡಾ ಸಿಟಿಗೆ ನಾಲ್ಕು ತೂತು, 100. ಎರಡರ ನಡುವೆ ಇರುವುದು ಎರಡೇ ಮಿಲಿಮೀಟರ್. ಹಾಗಾಗಿ 98ರ ಗುಂಬಕ್ಕೆ 100ರ ವೀಲನ್ನು ಒತ್ತಿ ಕೂರಿಸುವ ಚಾಳಿ ಲೋಕದ ತುಂಬ ಉಂಟು. ಕೂರುತ್ತದೆ ಕೂಡ. ಬೋಲ್ಟುಗಳು ಓರೆಯಾಗಿ ಹೋಗಿ, ಕೋನ್ ಒಂದು ಬದಿಗೆ ಮಾತ್ರ ತಾಗಿ, ಬಿಗಿ ಅನ್ನುವುದು ಸುಳ್ಳಾಗಿರುತ್ತದೆ. ನೋಡಲಿಕ್ಕೆ ಎಲ್ಲ ಸರಿ.

ಆಚಾರಿಯವರ ಮಾತು ಈಗ ಬೇಕು. ಕಾರಿನ ಸ್ಟಡ್ಡುಗಳು ಚಕ್ರವನ್ನು ಮೊಳೆಯ ಹಾಗೆ ಅಡ್ಡಕ್ಕೆ ಹಿಡಿಯುವುದಲ್ಲ. ಸ್ಟಡ್ಡನ್ನು ಬಿಗಿದಾಗ ಅದು ರಬ್ಬರಿನಂತೆ ಕೂದಲೆಳೆಯಷ್ಟು ಎಳೆಯುತ್ತದೆ. ಆ ಎಳೆತ ವೀಲನ್ನು ಹಬ್ಬಿನ ಮುಖಕ್ಕೆ ಒತ್ತುತ್ತದೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಬ್ರೇಕಿನ, ಇಂಜಿನ್ನಿನ ಶಕ್ತಿಯನ್ನು ಸಾಗಿಸುತ್ತದೆ. ಬಿಗಿ ಹೋದರೆ ವೀಲ್ ಕೂದಲೆಳೆಯಷ್ಟು ಜಾರಲಿಕ್ಕೆ ಶುರುವಾಗುತ್ತದೆ, ಪ್ರತಿ ಸುತ್ತಿಗೂ ಸ್ಟಡ್ ಬಗ್ಗಿ ನೆಟ್ಟಗಾಗುತ್ತದೆ, ತಂತಿಯನ್ನು ಆಚೀಚೆ ಮಡಚಿ ಮುರಿದ ಹಾಗೆ ಒಂದು ದಿನ ಮುರಿಯುತ್ತದೆ. ಒಂದು ಮುರಿದರೆ ಉಳಿದವಕ್ಕೆ ಭಾರ ಜಾಸ್ತಿ. ಆಮೇಲೆ ಬೇಗ ಬೇಗ.

ಮಿಶ್ರಲೋಹದ ಚಕ್ರದ ಚರಿತ್ರೆಯನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ, ಎಲ್ಲರೂ ಬರೆದಾಗಿದೆ. 1924ರಲ್ಲಿ ಬುಗಾಟಿ ಟೈಪ್ 35 ಅಲ್ಯೂಮಿನಿಯಂ ಎರಕದ ಚಕ್ರ ಹಾಕಿತು. 1950ರ ದಶಕದ ಕೊನೆಗೆ ಲೋಟಸ್ ಅಲೆಅಲೆಯಾದ ಮೆಗ್ನೀಸಿಯಂ ಚಕ್ರ ತಂದಿತು. 60ರ ದಶಕದಲ್ಲಿ ಮಿನಿ ಕಾರಿಗೆ ಮಿನಿಲೈಟ್ ಬಂತು. ಇವರಿಗೆಲ್ಲ ಬೇಕಿದ್ದದ್ದು ಅಂದವಲ್ಲ, ಹಗುರ. ಸ್ಪ್ರಿಂಗಿನ ಕೆಳಗಿರುವ ತೂಕ ಕಡಿಮೆಯಾದರೆ ಟೈರು ರಸ್ತೆಯನ್ನು ಬಿಡದೆ ಹಿಡಿಯುತ್ತದೆ. ನಮ್ಮ ಪೇಟೆಯಲ್ಲಿ ಸಿಗುವ ಎಷ್ಟೋ ಅಲಾಯ್‌ಗಳು ಕಂಪನಿಯ ಸ್ಟೀಲ್ ವೀಲಿಗಿಂತ ಭಾರ. ತೂಗಿ ನೋಡದೆ ತಗೊಂಡರೆ ದುಡ್ಡು ಕೊಟ್ಟು ಕಾರನ್ನು ನಿಧಾನ ಮಾಡಿಕೊಂಡ ಹಾಗೆ.

ನಮ್ಮ ದೇಶದಲ್ಲಿ ಇದು ತಡವಾಗಿ ಬಂತು. ಮದ್ರಾಸಿನ ಹತ್ತಿರ ಶೋಲಾವರಂನ ಹಳೇ ವಿಮಾನದ ಓಡುದಾರಿಯಲ್ಲಿ ರೇಸ್ ನಡೆಯುತ್ತಿದ್ದ ಕಾಲದಲ್ಲಿ ಆಮದಿಗೆ ಕಟ್ಟುನಿಟ್ಟು, ಹೊರಗಿನ ವೀಲ್ ತರಿಸುವುದು ದೊರೆಗಳ ಕೆಲಸ. ಉಳಿದವರು ಫಿಯೆಟ್, ಹೆರಾಲ್ಡ್‌ಗಳನ್ನು ಕೈಯಲ್ಲಿದ್ದ ಸಾಮಾನಿನಲ್ಲೇ ತಿದ್ದಬೇಕು. 1983ರಲ್ಲಿ ಮಾರುತಿ ಬಂತು. 80ರ ದಶಕದ ಕೊನೆಗೆ ಕೊಯಮತ್ತೂರಿನ ಕರಿವರ್ಧನ್ ಅದೇ ಮಾರುತಿ 800ರ ಇಂಜಿನ್ ಇಟ್ಟು ಫಾರ್ಮುಲಾ ಮಾರುತಿ ಕಟ್ಟಿದರು. ಅವರ ಹೆಸರಿನ ಟ್ರ್ಯಾಕೇ ಇವತ್ತಿನ ಕರಿ. 1990ರಲ್ಲಿ ಇರುಂಗಾಟ್ಟುಕೋಟೈ ಶುರುವಾಯಿತು. ನಮ್ಮ ಕರಾವಳಿಗೆ ಸ್ವಂತ ಟ್ರ್ಯಾಕ್ ಇಲ್ಲ, ಆದರೆ ಓಡಿಸುವವರಿಗೆ ಬರ ಇಲ್ಲ. ಭಾರತದ ರ‍್ಯಾಲಿಯಲ್ಲಿ ಹೆಸರು ಮಾಡಿದ ಸಹಚಾಲಕ ಮೂಸಾ ಶರೀಫ್ ಕಾಸರಗೋಡಿನ ಮೊಗ್ರಾಲಿನವರು.

ಈಗ ಸ್ಪೇಸರಿನ ವಿಷಯ. ಎರಡು ವರ್ಷದ ಹಿಂದೆ ನನ್ನ ಭಾವನ ಪೋಲೋಗೆ ಒಂದು ಅಂಗಡಿಯಲ್ಲಿ 15 ಇಂಚಿನ, 7 ಇಂಚು ಅಗಲದ ವೀಲ್ ಹಾಕಿ, ಒಳಗಡೆ ಸ್ಟ್ರಟ್ಟಿಗೆ ತಾಗುತ್ತದೆ ಅಂತ 8 ಮಿಲಿಮೀಟರ್ ಸ್ಪೇಸರ್ ತೂರಿಸಿ ಕಳಿಸಿದರು. ಬೋಲ್ಟ್ ಮಾತ್ರ ಕಂಪನಿಯದ್ದೇ. ಮೂರನೇ ವಾರ ಕಾಪು ದಾಟಿ ಹೆದ್ದಾರಿ 66ರಲ್ಲಿ ಬರುವಾಗ ಸ್ಟೇರಿಂಗ್ ನಡುಗಲಿಕ್ಕೆ ಶುರು. ಅವನು ಪುಣ್ಯಕ್ಕೆ ಹಾಡು ಜೋರು ಮಾಡದೆ ಬದಿಗೆ ನಿಲ್ಲಿಸಿದ. ಮುಂದಿನ ಎಡ ಚಕ್ರದಲ್ಲಿ ಐದರಲ್ಲಿ ಎರಡು ಬೋಲ್ಟ್ ಇರಲಿಲ್ಲ, ಮೂರನೆಯದು ಬೆರಳಲ್ಲಿ ತಿರುಗುತ್ತಿತ್ತು. ಹಿಂದಿನ ಸೀಟಲ್ಲಿ ಮಗಳು ಮಲಗಿದ್ದಳು. "ಎಂತ ಭಾವ, ಅಂಗಡಿಯವ ಎಲ್ಲ ಟೈಟ್ ಮಾಡಿದ್ದ ಅಲ್ವಾ?" ಅಂತ ಫೋನಲ್ಲಿ ಕೇಳಿದ. ಟೈಟ್ ಮಾಡಿದ್ದು ಹೌದು. ಆದರೆ ಎಷ್ಟು ಮರೆಗೆ?

ಲೆಕ್ಕ ಸುಲಭ. ಪೋಲೋದ ಬೋಲ್ಟ್ 14 ಮಿಲಿಮೀಟರ್ ದಪ್ಪ, ಒಂದು ಸುತ್ತಿಗೆ ಒಂದೂವರೆ ಮಿಲಿಮೀಟರ್ ಒಳಗೆ ಹೋಗುತ್ತದೆ. ಬೋಲ್ಟಿನ ದಪ್ಪದಷ್ಟಾದರೂ ಮರೆ ಒಳಗೆ ಕಚ್ಚಿರಬೇಕು ಅನ್ನುವುದು ಹಳೇ ನಿಯಮ, ಅಂದರೆ ಒಂಬತ್ತು ಸುತ್ತಿಗೂ ಜಾಸ್ತಿ. 8 ಮಿಲಿಮೀಟರ್ ಸ್ಪೇಸರ್ ಅದರಲ್ಲಿ ಐದು ಸುತ್ತು ತಿಂದುಹಾಕಿತು. ಅದೂ ಸಾಲದ್ದಕ್ಕೆ ಹಬ್ಬಿನ ನಡುವಿನ 57.1 ಮಿಲಿಮೀಟರ್ ತುಟಿಯನ್ನು ಸ್ಪೇಸರ್ ಪೂರ್ತಿ ಮುಚ್ಚಿ, ವೀಲಿಗೆ ನಡು ಹಿಡಿಯಲಿಕ್ಕೆ ಏನೂ ಉಳಿಯಲಿಲ್ಲ. ಜೊತೆಗೆ ಫೋಕ್ಸ್‌ವ್ಯಾಗನ್ನಿನ ಬೋಲ್ಟಿನ ತಲೆ ಗುಂಡು ಬುಡದ್ದು, ಹೊರಗಿನ ವೀಲುಗಳ ತೂತು ಹೆಚ್ಚಾಗಿ 60 ಡಿಗ್ರಿಯ ಕೋನ್. ಗುಂಡು ಕೋನಿನಲ್ಲಿ ಕೂತರೆ ತಾಗುವುದು ಒಂದು ಗೆರೆಯಷ್ಟೇ. ಮೂರು ತಪ್ಪುಗಳಲ್ಲಿ ಒಂದೊಂದೂ ಬಿಡಿಯಾಗಿ ಬಹುಶಃ ಸುಮ್ಮನಿರುತ್ತಿತ್ತು.

ಸ್ಪೇಸರ್ ಅಂದರೆ ಪಾಪ ಅಂತ ನಾನು ಹೇಳುವುದಿಲ್ಲ. ಟ್ರ್ಯಾಕಿನವರು ಹಾಕುತ್ತಾರೆ, ಕಾರಣ ಇಟ್ಟುಕೊಂಡು ಹಾಕುತ್ತಾರೆ. ಉದಾಹರಣೆಗೆ 6 ಇಂಚು ಅಗಲ, ಆಫ್‌ಸೆಟ್ 40 ಇರುವ ವೀಲ್ ತೆಗೆದು 7 ಇಂಚು, ಆಫ್‌ಸೆಟ್ 35 ಹಾಕಿದಿರಿ ಅಂತಿಟ್ಟುಕೊಳ್ಳಿ. ಅರ್ಧ ಅಗಲ 76.2ರಿಂದ 88.9ಕ್ಕೆ ಹೋಯಿತು. ಒಳಗಡೆ 7.7 ಮಿಲಿಮೀಟರ್ ಹತ್ತಿರ ಬಂತು, ಹೊರಗಡೆ 17.7 ಚಾಚಿತು. ಒಳಗೆ ಎಂಟು ಮಿಲಿಮೀಟರ್ ಜಾಗ ಇದ್ದರೆ ಸ್ಪೇಸರೇ ಬೇಡ, ಆದರೆ ತಿರುವಿನಲ್ಲಿ ಟೈರು ಬಗ್ಗುವುದಕ್ಕೆ ಏನೂ ಉಳಿಯುವುದಿಲ್ಲ. ಅಲ್ಲಿ 5 ಮಿಲಿಮೀಟರ್ ಬೇಕಾಗುತ್ತದೆ. ಆಗಲೂ ನಡು ತುಟಿ ತನ್ನಲ್ಲೇ ಇರುವ, ಆ ಕಾರಿನ ಅಳತೆಗೇ ಕಡೆದ ಸ್ಪೇಸರ್ ಬೇಕು, ಬೋಲ್ಟ್ ಅಷ್ಟೇ ಉದ್ದದ್ದು ಬೇಕು. ಎರಡು ಸ್ಪೇಸರ್ ಒಂದರ ಮೇಲೊಂದು ಇಡುವವನನ್ನು ಕಂಡರೆ ನನಗೆ ಆಚಾರಿಯವರ ಎರಡನೇ ಬಳೆ ನೆನಪಾಗುತ್ತದೆ. ಸರಿಯಾದ ಆಫ್‌ಸೆಟ್ಟಿನ ವೀಲನ್ನೇ ಹುಡುಕಿ ತರಬೇಕು, ಆರು ತಿಂಗಳು ಕಾದರೂ ಅಡ್ಡಿಲ್ಲ.

ಚಕ್ರ ಹೊರಗೆ ಸರಿದಷ್ಟೂ ಬೇರಿಂಗಿನ ಮೇಲೆ ಸನ್ನೆ ಉದ್ದವಾಗುತ್ತದೆ, ಸ್ಟೇರಿಂಗ್ ಹೊಂಡಕ್ಕೆಲ್ಲ ಕೈ ಎಳೆಯುತ್ತದೆ. ಮಳೆಗಾಲ ಮುಗಿದ ಮೇಲಿನ ನಮ್ಮ ಕಾರ್ಕಳ-ಉಡುಪಿ ರಸ್ತೆಯಲ್ಲಿ ಇದು ಒಂದೇ ದಿನದಲ್ಲಿ ಗೊತ್ತಾಗುತ್ತದೆ.

ಬೋಲ್ಟ್ ಇರುವ ಕಾರಿಗೆ ಸ್ಟಡ್ ಹಾಕಿಸುವುದು ಟ್ರ್ಯಾಕಿನವರ ಇನ್ನೊಂದು ಅಭ್ಯಾಸ. ಅದರಲ್ಲಿ ಅರ್ಥ ಉಂಟು. ದಿನಕ್ಕೆ ಎರಡು ಸಲ ವೀಲ್ ಬದಲಾಯಿಸಿದರೆ ಹಬ್ಬಿನ ಮರೆ ಸವೆಯುತ್ತದೆ. ಸ್ಟಡ್ ಒಮ್ಮೆ ಕೂರಿಸಿದರೆ ಸವೆಯುವುದು ಸ್ಟಡ್ಡೇ, ಅದನ್ನು ಬದಲಾಯಿಸಬಹುದು. ಬಿಸಿ ವೀಲನ್ನು ಕಾಲ ಮೇಲೆ ಇಟ್ಟುಕೊಂಡು ತೂತು ಹುಡುಕುವ ಸರ್ಕಸ್ಸೂ ತಪ್ಪುತ್ತದೆ. ಆದರೆ ಸ್ಟಡ್ಡನ್ನು ಬಾಳಿಕೆಯ ಸಾಮಾನು ಅಂತ ತಿಳಿಯಬಾರದು, ಬ್ರೇಕ್ ಪ್ಯಾಡಿನ ಹಾಗೆ ಮುಗಿಯುವ ಸಾಮಾನು. ಬ್ರೇಕ್ ಕಾದು ತಣಿಯುವ ಪ್ರತಿ ಸಲವೂ ಬಿಗಿ ಬದಲಾಗುತ್ತದೆ. ಉದ್ದ ಇದ್ದಷ್ಟೂ ಚಂದ ಅಂತ ನಟ್ಟಿನಿಂದ ಎರಡು ಇಂಚು ಹೊರಗೆ ಚಾಚಿದ ಸ್ಟಡ್ ಹಾಕುವವರಿದ್ದಾರೆ, ಅದು ರೇಸಿನ ಪೋಸ್ಟರಿನಿಂದ ಕದ್ದ ಶೋಕಿ ಅಷ್ಟೆ.

ಕಡೆಗೀಲು ಪೂರ್ತಿ ಸತ್ತಿಲ್ಲ. ಮಣಿಪಾಲದ ಎಂಐಟಿಯಲ್ಲಿ ಫಾರ್ಮುಲಾ ಮಣಿಪಾಲ್ ಅನ್ನುವ ವಿದ್ಯಾರ್ಥಿಗಳ ತಂಡ ಉಂಟು. ಅಮೆರಿಕದಲ್ಲಿ 1981ರಲ್ಲಿ ಶುರುವಾದ ಫಾರ್ಮುಲಾ ಎಸ್‌ಎಇ ಸ್ಪರ್ಧೆಯ ಬಳಗಕ್ಕೆ ಸೇರುವ ಸಣ್ಣ ರೇಸ್ ಕಾರುಗಳನ್ನು ಅವರೇ ಕಟ್ಟುತ್ತಾರೆ. ಆ ಸ್ಪರ್ಧೆಯ ನಿಯಮದಲ್ಲಿ ಒಂದು ಮಾತು ಉಂಟು: ಒಂದೇ ನಟ್ಟಿನಿಂದ ಚಕ್ರ ಹಿಡಿಸಿದರೆ, ಆ ನಟ್ ಸಡಿಲವಾದರೂ ನಟ್ಟನ್ನೂ ಚಕ್ರವನ್ನೂ ಹಿಡಿದಿಡುವ ಇನ್ನೊಂದು ಸಾಧನ ಇರಲೇಬೇಕು. ಟೊಳ್ಳು ಬೋಲ್ಟಿಗೆ ಅಲ್ಲಿ ಪ್ರವೇಶವೇ ಇಲ್ಲ. ಹಾಗೆ ಮಾಡದಿದ್ದರೆ ಏನಾಗುತ್ತದೆ ಅಂತ 2009ರ ಹಂಗೇರಿ ಗ್ರ್ಯಾಂಡ್ ಪ್ರಿಯಲ್ಲಿ ಇಡೀ ಲೋಕ ನೋಡಿದೆ. ಪಿಟ್ ಬಿಟ್ಟು ಹೊರಟ ಅಲೊನ್ಸೋನ ರೆನೋದಿಂದ ಮುಂದಿನ ಚಕ್ರ ಕಳಚಿ ಟ್ರ್ಯಾಕಿನಲ್ಲಿ ಪುಟಿಯುತ್ತಾ ಹೋಯಿತು. 1906ರಲ್ಲಿ ಗೆದ್ದ ಅದೇ ರೆನೋ.

ಕಾನೂನಿನ ಮಾತನ್ನೂ ಹೇಳಬೇಕು, ಇಷ್ಟವಿಲ್ಲದಿದ್ದರೂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ತಯಾರಕರು ಕೊಟ್ಟ, ಆರ್‌ಸಿಯಲ್ಲಿ ದಾಖಲಾದ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಾಯಿಸುವ ಹಾಗಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಅಡಿ ಹೇಳಿತು. ಅದೇ ವರ್ಷದ ತಿದ್ದುಪಡಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಂತ ಇಟ್ಟಿತು. ಕೋರ್ಟಿನ ಚಿಂತೆ ನನಗೆ ಅರ್ಥವಾಗುತ್ತದೆ, ಭಾವನ ಕಾರು ನೋಡಿದ ಮೇಲೆ ಇನ್ನೂ ಚೆನ್ನಾಗಿ. ಆದರೆ ಜರ್ಮನಿಯಲ್ಲಿ ಟುಯ್‌ಫ್ ಅನ್ನುವ ಸಂಸ್ಥೆ ಇಂಥ ಕಾರಿಗೆ ಇಂಥ ವೀಲ್, ಇಷ್ಟು ಆಫ್‌ಸೆಟ್, ಇಂಥ ಬೋಲ್ಟ್ ಸರಿ ಅಂತ ಪರೀಕ್ಷಿಸಿ ಕಾಗದ ಕೊಡುತ್ತದೆ. ಜಪಾನಿನಲ್ಲಿ ವೀಲಿನ ಮೇಲೆ ಜೆಡಬ್ಲ್ಯುಎಲ್ ಗುರುತು ಎರಕದಲ್ಲೇ ಇರುತ್ತದೆ. ಕಾಗದ ಕೊಡುವ ದಾರಿ ಇದ್ದಲ್ಲಿ ಹುಡುಗರು ಕಾಗದ ಕೇಳುತ್ತಾರೆ. ಇಲ್ಲದಲ್ಲಿ ಇಂಚು ಕೇಳುತ್ತಾರೆ.

ಭಾವ ಈಗ ಕಂಪನಿಯ ವೀಲಿಗೇ ವಾಪಸ್ ಬಂದಿದ್ದಾನೆ. ಟ್ರ್ಯಾಕಿಗೆ ಬೇರೆ ಸೆಟ್ ತಗೊಂಡ: ಐದು ತೂತು, 100 ಪಿಸಿಡಿ, ನಡು 57.1, ಜೆಡಬ್ಲ್ಯುಎಲ್ ಗುರುತು, ಆರೂವರೆ ಇಂಚು ಅಗಲ, ಸ್ಪೇಸರ್ ಬೇಡದ ಆಫ್‌ಸೆಟ್, ಕೋನ್ ಬುಡದ ಸರಿಯಾದ ಬೋಲ್ಟ್. ಅಂಗಡಿಗೆ ನಾನೂ ಹೋಗಿದ್ದೆ, ಒಂದು ತೂಕದ ಕೊಕ್ಕೆ ಮತ್ತು ವರ್ನಿಯರ್ ಹಿಡಿದುಕೊಂಡು. ಹುಡುಗ ಒಳ್ಳೆಯವ. ನ್ಯೂಮ್ಯಾಟಿಕ್ ಗನ್ ಕೆಳಗಿಟ್ಟು, ಟಾರ್ಕ್ ರೆಂಚ್ ಸೆಟ್ ಮಾಡಿ, ನಕ್ಷತ್ರದ ಹಾಗೆ ಎದುರುಬದುರಾಗಿ 120 ನ್ಯೂಟನ್ ಮೀಟರಿಗೆ ಬಿಗಿದು ಕೊಟ್ಟ. "ನೂರು ಕಿಲೋಮೀಟರ್ ಆದ ಮೇಲೆ ಇನ್ನೊಂದ್ಸಲ ಬನ್ನಿ ಅಣ್ಣ, ದುಡ್ಡು ಬೇಡ" ಅಂದ. ಕಾರ್ಕಳಕ್ಕೆ ಎರಡು ಸಲ ಹೋಗಿ ಬಂದು ನೋಡಿಸಿದೆವು, ಒಂದು ಬೋಲ್ಟ್ ಕಾಲು ಸುತ್ತು ತಿರುಗಿತು.